ತಿಮ್ಮೋಜಿ ಕಟ್ಟಿದ ಜೊತೆ

ಅಂಬರನಾಥದಲ್ಲಿ ಬೆಳೆದ ನನಗೆ ಸಮುದ್ರ ಅಂದರೆ ರಜೆಯಲ್ಲಿ ಹೊನ್ನಾವರದ ಅಜ್ಜನ ಮನೆಗೆ ಹೋದಾಗ ಕಾಣುವ ಶರಾವತಿಯ ಅಳಿವೆ. ಅಲ್ಲಿ ದೋಣಿಗಳು ಹೊರಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು. ದೂರ ಹೋಗುವವರು ಒಂಟಿಯಾಗಿ ಹೋಗೋದು ಕಡಿಮೆ, ಒಂದರ ಹಿಂದೆ ಇನ್ನೊಂದು ಇರುತ್ತದೆ. ಒಂದು ಕೆಟ್ಟು ನಿಂತರೆ ಇನ್ನೊಂದು ಎಳೆದು ತರಬೇಕಲ್ಲ, ಅಂತ ಅಜ್ಜ ಹೇಳುತ್ತಿದ್ದರು.

ಇದೇ ಅಳಿವೆಯಿಂದ ಐನೂರು ವರ್ಷಗಳ ಹಿಂದೆ ಒಬ್ಬ ಹೊರಟಿದ್ದ. ಅವನೇ ತಿಮ್ಮೋಜಿ. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಬರೆದರು, ನಮ್ಮವರಲ್ಲಿ ಕೆಲವರು ತಿಮ್ಮಯ್ಯ ಅನ್ನುತ್ತಾರೆ. ಕಡಲುಗಳ್ಳ ಎನ್ನುವವರಿದ್ದಾರೆ, ದೇಶದ್ರೋಹಿ ಎನ್ನುವವರೂ ಇದ್ದಾರೆ. ನಾನು ಕಾಮರ್ಸ್ ಓದುವವನು. ನನಗೆ ಅವನು ಪಾಲುದಾರನನ್ನು ಆರಿಸುವುದರಲ್ಲಿ ಎಡವಿದ ಮನುಷ್ಯನಾಗಿ ಕಾಣುತ್ತಾನೆ.

ಅವನ ಕಾಲದಲ್ಲಿ ಈ ಕರಾವಳಿಯ ದೊಡ್ಡ ವ್ಯಾಪಾರವೆಂದರೆ ಕುದುರೆ. ಅರಬಸ್ತಾನ ಮತ್ತು ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ವಿಜಯನಗರದ ಸೈನ್ಯಕ್ಕೆ ಬೇಕಿದ್ದವು. ಗೋವೆ 1472ರಲ್ಲಿ ಬಹಮನಿಗಳ ಕೈಗೆ ಹೋಗಿ, ಆಮೇಲೆ ಬಿಜಾಪುರದ ಆದಿಲಶಾಹಿಗೆ ಸೇರಿತು. ವಿಜಯನಗರಕ್ಕೆ ಉಳಿದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳು. ತಿಮ್ಮೋಜಿಯ ದೋಣಿಗಳು ಗೋವೆಗೆ ಹೋಗುವ ಹಡಗುಗಳನ್ನು ಅಡ್ಡಗಟ್ಟುತ್ತಿದ್ದವು. ಹಾಯಿಯೂ ಹುಟ್ಟೂ ಎರಡೂ ಇದ್ದ ಸಣ್ಣ ದೋಣಿಗಳವು. ಗಾಳಿ ಬಿದ್ದರೂ ನಿಲ್ಲುವುದಿಲ್ಲ, ದೊಡ್ಡ ಹಡಗು ಬರಲಾಗದ ಹೊಳೆಯೊಳಕ್ಕೆ ನುಗ್ಗಿ ಮಾಯವಾಗುತ್ತವೆ. ಕೊಳ್ಳೆಯೂ ಆಯಿತು, ರಾಜಕಾರಣವೂ ಆಯಿತು.

1498ರಲ್ಲಿ ವಾಸ್ಕೋ ಡ ಗಾಮ ವಾಪಸು ಹೋಗುವಾಗ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತಿದ್ದ. ಆಗಿನದೊಂದು ಕಥೆಯನ್ನು ಮುಂದಿನ ಪೋರ್ಚುಗೀಸ್ ಚರಿತ್ರೆಕಾರರು ತಿಮ್ಮೋಜಿಯ ಹೆಸರಿಗೇ ಹಾಕಿದ್ದಾರೆ. ಎಂಟು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆಲ್ಲ ಹಸಿರು ಸೊಪ್ಪು ಹೊದಿಸಿ, ತೇಲಿ ಬರುವ ದ್ವೀಪದ ಹಾಗೆ ಮಾಡಿ ಹತ್ತಿರ ಬಂದನಂತೆ. ಗಾಮನ ಕಡೆಯವರು ಗುಂಡು ಹಾರಿಸಿದ್ದೇ ತಡ, ದ್ವೀಪ ಎಂಟು ಚೂರಾಗಿ ಓಡಿತು. ನಿಜವೋ ಕಟ್ಟುಕಥೆಯೋ, ನನಗಂತೂ ಈ ಯುಕ್ತಿ ಬಹಳ ಇಷ್ಟ.

1505ರಲ್ಲಿ ಅಲ್ಮೇಡ ಅಂಜದೀವ್‌ನಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರಕ್ಕೆ ಬಂದು ಅಲ್ಲಿಯ ಹಡಗುಗಳಿಗೆ ಬೆಂಕಿ ಹಚ್ಚಿದ. ತಿಮ್ಮೋಜಿ ರಾಜಿ ಮಾಡಿಕೊಂಡ. ಸುಟ್ಟವನ ಜೊತೆಗೇ ಸ್ನೇಹ! ಆದರೆ ಅವನ ಕಡೆಯಿಂದ ನೋಡಿ. ಫಿರಂಗಿ ಇದ್ದವರನ್ನು ಎದುರು ಹಾಕಿಕೊಂಡು ಸಾಯುವುದಕ್ಕಿಂತ, ಅವರನ್ನೇ ಆದಿಲಶಾಹಿಯ ಮೇಲೆ ತಿರುಗಿಸಿದರೆ?

ಆ ಅವಕಾಶ 1510ರಲ್ಲಿ ಬಂತು. ಅಲ್ಬುಕರ್ಕ್ 20ಕ್ಕೂ ಹೆಚ್ಚು ಹಡಗುಗಳೊಂದಿಗೆ ಕೆಂಪು ಸಮುದ್ರದ ಕಡೆಗೆ ಹೊರಟಿದ್ದ. ತಿಮ್ಮೋಜಿ ಅವನನ್ನು ಕಂಡು, ಅಷ್ಟು ದೂರ ಯಾಕೆ, ಗೋವೆಯಲ್ಲಿ ಈಗ ಕಾವಲು ಕಡಿಮೆ ಎಂದು ಮನಸ್ಸು ತಿರುಗಿಸಿದ. ಆಮೇಲೆ ದೊಡ್ಡ ಹಡಗುಗಳ ಪಕ್ಕದಲ್ಲಿ ಇವನ ಸಣ್ಣ ದೋಣಿಗಳೂ ಉತ್ತರಕ್ಕೆ ಹೊರಟವು. ಅಳಿವೆಗಳ ಆಳ, ಮರಳದಿಬ್ಬ, ಗಾಳಿಯ ಹೊತ್ತು ಎಲ್ಲ ಇವನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ದಾರಿಯಲ್ಲಿ ಕಾಳಿ ನದಿಯ ಬಾಯಲ್ಲಿದ್ದ ಚಿತ್ತಾಕುಲದ ಕೋಟೆಯನ್ನು ಇವನ ಜನ ಹಿಡಿದರು. ಗೋವೆ ಪಟ್ಟಣವಿದ್ದದ್ದು ಮಾಂಡವಿ, ಜುವಾರಿ ನದಿಗಳ ನಡುವಿನ ತಿಸವಾಡಿ ದ್ವೀಪದಲ್ಲಿ. ಫೆಬ್ರವರಿಯಲ್ಲಿ ಅದು ಹೆಚ್ಚು ಹೋರಾಟವಿಲ್ಲದೆ ಸಿಕ್ಕಿತು.

ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ತಿರುಗಿ ಬಂತು. ಪೋರ್ಚುಗೀಸರು ಪಟ್ಟಣ ಬಿಟ್ಟು ಹಡಗು ಹತ್ತಿದರು. ಅಷ್ಟರಲ್ಲಿ ಮಳೆಗಾಲ ಶುರು, ಅಳಿವೆ ಮುಚ್ಚಿತು. ಆಗಸ್ಟ್‌ವರೆಗೆ ಹೊಳೆಯಲ್ಲೇ ಸಿಕ್ಕಿಕೊಂಡು ಹಸಿವಿನಿಂದ ಒದ್ದಾಡಿದರು. ಆದರೂ ಅಲ್ಬುಕರ್ಕ್ ಬಿಡಲಿಲ್ಲ, ಮಳೆ ಮುಗಿದ ಮೇಲೆ ಮತ್ತೆ ಹೊನ್ನಾವರಕ್ಕೆ ಬಂದ.

ಚರಿತ್ರೆಕಾರರು ಹೇಳುವ ಪ್ರಕಾರ ಆಗ ತಿಮ್ಮೋಜಿಯ ಮದುವೆ. ಹುಡುಗಿ ಗೇರುಸೊಪ್ಪೆ ರಾಣಿಯ ಮಗಳು. ಜನ ಸೇರಿಸಿಕೊಂಡು ಹಿಂದಿನಿಂದ ಬರುತ್ತೇನೆ ಎಂದು ಮಾತು ಕೊಟ್ಟ. ಅಲ್ಬುಕರ್ಕ್ ಕಾಯಲಿಲ್ಲ. 1510ರ ನವೆಂಬರ್ 25ರಂದು ನುಗ್ಗಿ ಗೋವೆ ಹಿಡಿದ. ಪಟ್ಟಣದ ಮುಸಲ್ಮಾನರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ. ಸತ್ತವರು ಸುಮಾರು 6000 ಎಂದು ತನ್ನ ರಾಜನಿಗೆ ಅವನೇ ವರದಿ ಮಾಡಿದ. ತಿಮ್ಮೋಜಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕತ್ತಿ ಇವನದಲ್ಲ ಅನ್ನಬಹುದು. ಆದರೆ ಮೊದಲು ದಾರಿ ತೋರಿಸಿದ ದೋಣಿ ಇವನದೇ. ಇಲ್ಲಿ ಅವನ ಪರ ವಾದಿಸಲು ನನ್ನ ನಾಲಿಗೆ ಏಳುವುದಿಲ್ಲ.

ನನ್ನ ಸೋದರಮಾವ ಒಮ್ಮೆ ಪಾಲಿನಲ್ಲಿ ಅಂಗಡಿ ಹಾಕಿದ್ದರು. ಗಿರಾಕಿಗಳು ಮಾವನವರು, ದುಡ್ಡು ಇನ್ನೊಬ್ಬರದು, ಕರಾರುಪತ್ರ ಇಲ್ಲ. ಎರಡು ವರ್ಷದಲ್ಲಿ ಬೋರ್ಡಿನ ಮೇಲೆ ಒಂದೇ ಹೆಸರು ಉಳಿಯಿತು. ತಿಮ್ಮೋಜಿಗೆ ಆದದ್ದೂ ಹೆಚ್ಚುಕಡಿಮೆ ಅದೇ. ಗೋವೆಯ ಆಡಳಿತವೇ ತನಗೆ ಬರುತ್ತದೆ ಅಂತ ಅವನ ಆಸೆ. ಸಿಕ್ಕಿದ್ದು ಸ್ಥಳೀಯರ ಮುಖಂಡತನ, ಕಂದಾಯ ವಸೂಲಿಯ ಕೆಲಸ. ಆಮೇಲೆ ಅದನ್ನೂ ಹೊನ್ನಾವರದ ಅರಸನ ಸಂಬಂಧಿ ಮಲ್ಹಾರರಾಯನಿಗೆ ಕೊಟ್ಟರು. ಆದಿಲಶಾಹಿ ಸೈನ್ಯ ಮತ್ತೆ ಬಂದಾಗ ಇಬ್ಬರೂ ಸೋತು ವಿಜಯನಗರಕ್ಕೆ ಓಡಿದರು. ತಿಮ್ಮೋಜಿ ಅಲ್ಲೇ ತೀರಿಕೊಂಡನಂತೆ. ಸಮುದ್ರ ಕಾಣದ ಊರಿನಲ್ಲಿ.

1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನೂ ಹಿಡಿದರು. ಅಂಜದೀವ್ ಅವರ ಕೈಯಿಂದ ಬಿಟ್ಟದ್ದು 1961ರ ಡಿಸೆಂಬರಿನಲ್ಲಿ, ಅದೂ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟ ಮೇಲೆ. ಕಾರವಾರಕ್ಕೆ ಅಷ್ಟು ಹತ್ತಿರವಿದ್ದರೂ ಲೆಕ್ಕದಲ್ಲಿ ಅದು ಈಗಲೂ ಗೋವೆಗೇ ಸೇರಿದ್ದು. ನೌಕಾನೆಲೆಗಾಗಿ ಕಲ್ಲು ತುಂಬಿ ದಡದಿಂದ ಅಲ್ಲಿಯವರೆಗೆ ಅಲೆತಡೆ ಕಟ್ಟಿದ್ದಾರೆ, ಹಾಗಾಗಿ ಅಲ್ಲಿಗೆ ಹೋಗಲು ಈಗ ದೋಣಿಯೇ ಬೇಡ.