ಸ್ಪ್ರಿಂಗ್‌ನ ಲೆಕ್ಕ ಹಿಡಿದ ರಾಬರ್ಟ್ ಹುಕ್

ಪಿಯುಸಿಯಿಂದಲೂ ನಾವೆಲ್ಲ ಹುಕ್ಸ್ ಲಾ ಬರೆದುಕೊಂಡೇ ಬಂದಿದ್ದೇವೆ. ಒಂದು ಡೆಫಿನಿಷನ್, ಒಂದು ಗ್ರಾಫ್, ಮುಗೀತು. ಆ ಹೆಸರಿನ ಮನುಷ್ಯ ಹೇಗೆ ಬದುಕಿದ್ದ ಅಂತ ನಾವು ಕೇಳೋದೇ ಕಮ್ಮಿ. ಗಾಡಿಗಳ ಸಸ್ಪೆನ್ಷನ್ ಬಗ್ಗೆ ಓದಲು ಕೂತರೆ ಮಾತ್ರ ಈತ ಎದುರಾಗದೇ ಇರಲ್ಲ. ಹಾಗಾಗಿ ಈ ಸಂಚಿಕೆಗೆ ರಾಬರ್ಟ್ ಹುಕ್.

ಹುಕ್ ಹುಟ್ಟಿದ್ದು 1635ರ ಜುಲೈ 18ರಂದು, ಇಂಗ್ಲೆಂಡಿನ ದಕ್ಷಿಣದಲ್ಲಿರುವ ಐಲ್ ಆಫ್ ವೈಟ್ ಅನ್ನೋ ದ್ವೀಪದಲ್ಲಿ. ಅಪ್ಪ ಚರ್ಚಿನ ಪಾದ್ರಿ. ಮಗನಿಗೆ ಸದಾ ಹುಷಾರಿಲ್ಲ, ಆದ್ರೆ ಕೈ ಸುಮ್ಮನಿರ್ತಿರಲಿಲ್ಲ. ಹಿತ್ತಾಳೆಯ ಗಡಿಯಾರವೊಂದನ್ನು ಬಿಚ್ಚಿ ನೋಡಿ, ಅದೇ ಥರ ಮರದಲ್ಲೊಂದು ಮಾಡಿದ, ಅದು ಓಡಿತು ಕೂಡ! ಹದಿಮೂರನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ಹುಡುಗ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆ ಸೇರಿ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದ. ಅಲ್ಲಿ ರಾಬರ್ಟ್ ಬಾಯ್ಲ್‌ಗೆ ಅಸಿಸ್ಟೆಂಟ್ ಆಗಿ ಏರ್ ಪಂಪ್ ಕಟ್ಟಿಕೊಟ್ಟ. ಬಾಯ್ಲ್ಸ್ ಲಾ ಹಿಂದಿನ ಪ್ರಯೋಗಗಳಲ್ಲೂ ಈತನ ಕೈ ಇದೆ.

1662ರಲ್ಲಿ ರಾಯಲ್ ಸೊಸೈಟಿಯಲ್ಲಿ ಕೆಲಸ ಸಿಕ್ತು. ಪ್ರತಿ ಮೀಟಿಂಗಿಗೂ ಹೊಸ ಪ್ರಯೋಗ ಮಾಡಿ ತೋರಿಸಬೇಕು. ನಮಗೆ ವಾರಕ್ಕೊಂದು ಲ್ಯಾಬ್ ರೆಕಾರ್ಡೇ ಕಷ್ಟ! 1665ರಲ್ಲಿ ‘ಮೈಕ್ರೋಗ್ರಾಫಿಯಾ’ ಪುಸ್ತಕ ಬಂತು. ಬಯಾಲಜಿಯ ‘ಸೆಲ್’ ಅನ್ನೋ ಪದ ಅದರಿಂದಲೇ ಬಂದದ್ದು. ಅದೇ ವರ್ಷ ಲಂಡನ್ನಿಗೆ ಪ್ಲೇಗ್ ಬಡಿದಾಗ, ಹುಕ್ ಮತ್ತು ಇನ್ನಿಬ್ಬರು ಊರಾಚೆಯ ಒಂದು ಮನೆಯಲ್ಲಿ ಕೂತು ಹೊಸ ಬಗೆಯ ಕುದುರೆ ಗಾಡಿಗಳನ್ನು ರೂಪಿಸ್ತಿದ್ದರು. 1666ರ ಬೆಂಕಿಯಲ್ಲಿ ನಗರ ಸುಟ್ಟು ಹೋದ ಮೇಲೆ ಸರ್ವೇಯರ್ ಆಗಿ ಬೀದಿ ಬೀದಿ ಅಳೆದ.

ಈಗ ಸ್ಪ್ರಿಂಗ್ ವಿಷಯಕ್ಕೆ ಬರೋಣ. 1676ರಲ್ಲಿ ಹುಕ್ ತನ್ನ ನಿಯಮವನ್ನು ನೇರವಾಗಿ ಹೇಳದೆ, 14 ಅಕ್ಷರಗಳನ್ನು ಕಲಸಿ ಒಂದು ಒಗಟಾಗಿ ಅಚ್ಚು ಹಾಕಿಸಿದ. ಯಾರೂ ಕದಿಯಬಾರದು, ಆದ್ರೆ ಮೊದಲು ಕಂಡುಹಿಡಿದವನು ತಾನೇ ಅಂತ ದಾಖಲೆಯೂ ಇರಬೇಕು. ಈ ಭಯಕ್ಕೆ ಕಾರಣ ಇತ್ತು. ಹಿಂದಿನ ವರ್ಷವಷ್ಟೇ ಸ್ಪ್ರಿಂಗ್ ವಾಚಿನ ಐಡಿಯಾ ಯಾರದ್ದು ಅಂತ ಹೈಗೆನ್ಸ್ ಜೊತೆ ಜಗಳ ಆಗಿತ್ತು. 1678ರಲ್ಲಿ ಒಗಟು ಬಿಡಿಸಿದ. ಸುರುಳಿ ಸ್ಪ್ರಿಂಗ್, ಉದ್ದನೆಯ ತಂತಿ, ಮರದ ಪಟ್ಟಿ, ಎಲ್ಲಕ್ಕೂ ತೂಕ ಹಾಕಿ ಅಳೆದಿದ್ದ. ತೂಕ ಎರಡು ಪಟ್ಟಾದರೆ ಬಾಗುವುದೂ ಎರಡು ಪಟ್ಟು.

ಇಷ್ಟು ಸರಳ ಮಾತು ಇವತ್ತು ಎಲ್ಲಿ ಉಪಯೋಗ? ಅಮೆರಿಕದ ಪಿಕಪ್ ಟ್ರಕ್ ನೋಡಿ. ಖಾಲಿ ಇದ್ದಾಗ ಹಿಂಭಾಗ ಸ್ವಲ್ಪ ಎತ್ತರ ಇರುತ್ತೆ. ನೋಡೋಕೆ ಚೆನ್ನಾಗಿಲ್ಲ ಅಂತ ಕೆಲವರು ಮುಂದಿನ ಸಸ್ಪೆನ್ಷನ್ ಎತ್ತಿಸಿ ಲೆವೆಲ್ ಮಾಡಿಸ್ತಾರೆ. ಆಮೇಲೆ ಟ್ರೈಲರ್ ಕಟ್ಟಿದ ಕೂಡಲೇ ಹಿಂಭಾಗ ಕುಸಿಯುತ್ತೆ.

ಒಂದು ಲೆಕ್ಕ ಹಾಕೋಣ. ಟ್ರೈಲರ್ ಕೊಂಡಿಯ ಮೇಲೆ 300 ಕೆಜಿ ಭಾರ ಬಿತ್ತು ಅಂದ್ಕೊಳ್ಳಿ. ವೀಲ್‌ಬೇಸ್ 3.6 ಮೀಟರ್, ಕೊಂಡಿ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆ. ಮೊಮೆಂಟ್ ತೆಗೆದುಕೊಂಡರೆ ಹಿಂದಿನ ಆಕ್ಸಲ್‌ಗೆ ಸೇರೋದು 400 ಕೆಜಿ, ಮುಂದಿನದು 100 ಕೆಜಿ ಹಗುರ! ಹಿಂದಿನ ಎರಡು ಸ್ಪ್ರಿಂಗ್ ಸೇರಿ ಮಿಲಿಮೀಟರಿಗೆ 100 ನ್ಯೂಟನ್ ಸ್ಟಿಫ್‌ನೆಸ್ ಇದ್ದರೆ, ಸುಮಾರು 40 ಮಿಲಿಮೀಟರ್ ಕುಸಿತ. ಕಂಪನಿ ಹಿಂಭಾಗ ಎತ್ತರ ಬಿಟ್ಟಿದ್ದೇ ಈ ಕುಸಿತಕ್ಕೆ ಜಾಗ ಇರಲಿ ಅಂತ. ಲೆವೆಲ್ ಮಾಡಿಸಿದ ಟ್ರಕ್ಕು ಮೂತಿ ಮೇಲೆತ್ತುತ್ತೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ಸ್ಟಿಯರಿಂಗ್ ಹಗುರಾಗುತ್ತೆ.

ಹಿಂದೆ ಒಂದು ಬ್ಲಾಕ್ ಇಟ್ಟು ಎತ್ತಿದರೆ ಸಾಕಲ್ವಾ? ಎತ್ತರ ಏನೋ ಬರುತ್ತೆ, ಆದ್ರೆ ಅದೇ ಭಾರಕ್ಕೆ ಅದೇ 40 ಮಿಲಿಮೀಟರ್ ಕುಸಿಯುತ್ತೆ. ಹುಕ್‌ನ ಗ್ರಾಫಲ್ಲಿ ಗೆರೆ ಪಕ್ಕಕ್ಕೆ ಸರಿಯಿತು ಅಷ್ಟೇ, ಸ್ಲೋಪ್ ಬದಲಾಗಲಿಲ್ಲ. ಸ್ಲೋಪ್ ಬದಲಿಸೋಕೆ ಭಾರ ಬಿದ್ದಾಗ ಮಾತ್ರ ತಾಗುವ ಹೆಲ್ಪರ್ ಸ್ಪ್ರಿಂಗ್ ಬೇಕು, ಇಲ್ಲಾ ಗಾಳಿ ತುಂಬುವ ಏರ್ ಬ್ಯಾಗ್. ಬರೀ ದಪ್ಪ ಸ್ಪ್ರಿಂಗ್ ಹಾಕಿದರೆ ಖಾಲಿ ಗಾಡಿ ಕುಲುಕುತ್ತೆ. ಆದ್ರೆ ಇವು ಯಾವುವೂ ಮುಂದಿನ ಚಕ್ರ ಕಳೆದುಕೊಂಡ 100 ಕೆಜಿ ವಾಪಸ್ ಕೊಡಲ್ಲ. ಅದಕ್ಕೆ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದೆ. ಅದರ ಸ್ಪ್ರಿಂಗ್ ಸರಳುಗಳು ಬಾಗಿ, ಸ್ವಲ್ಪ ಭಾರವನ್ನು ಮುಂದಿನ ಆಕ್ಸಲ್‌ಗೂ ಟ್ರೈಲರ್ ಚಕ್ರಗಳಿಗೂ ದಾಟಿಸುತ್ತವೆ. ಎಲ್ಲಾ ಗಾಡಿಗಳಿಗೂ ಅದು ಹೊಂದಲ್ಲ, ಮ್ಯಾನ್ಯುಯಲ್ ನೋಡ್ಕೊಂಡೇ ಹಾಕಬೇಕು.

ಹುಕ್‌ನ ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ಗುರುತ್ವದ ಇನ್ವರ್ಸ್ ಸ್ಕ್ವೇರ್ ನಿಯಮದಲ್ಲಿ ತನಗೂ ಪಾಲಿದೆ ಅಂತ ಕೇಳಿದ. ನ್ಯೂಟನ್ ಕೆರಳಿ, ‘ಪ್ರಿನ್ಸಿಪಿಯಾ’ದಲ್ಲಿ ಈತನ ಹೆಸರನ್ನು ಆದಷ್ಟು ಕಮ್ಮಿ ಮಾಡಿದ. ಆರೋಗ್ಯ ಕೆಟ್ಟು, ಕಣ್ಣು ಮಂಜಾಗಿ, 1703ರ ಮಾರ್ಚ್ 3ರಂದು ಹುಕ್ ತೀರಿಕೊಂಡ. ಅದೇ ವರ್ಷ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಇದು ಹುಕ್‌ನದ್ದೇ ಅಂತ ಎಲ್ಲರೂ ಒಪ್ಪುವ ಒಂದು ಚಿತ್ರವೂ ಇವತ್ತು ಉಳಿದಿಲ್ಲ.

ಮುಖ ಗೊತ್ತಿಲ್ಲದಿದ್ದರೂ ಆತನ ಕೆಲಸ ನಮಗೆ ಗೊತ್ತು. ಲೋಡ್ ಹೊತ್ತ ಗಾಡಿ ಮುಂದೆ ಹೋದಾಗ ಅದರ ಹಿಂದಿನ ಲೀಫ್ ಸ್ಪ್ರಿಂಗ್ ಕಡೆ ಸ್ವಲ್ಪ ಬಗ್ಗಿ ನೋಡಿ. ಎಷ್ಟು ಪಟ್ಟಿ ಇವೆ, ಹೆಲ್ಪರ್ ತಾಗಿದೆಯಾ ಇಲ್ವಾ? ಗೊತ್ತಾದರೆ ನಮಗೂ ಹೇಳಿ.