ತೋಟದ ಸಿದ್ಧಲಿಂಗ ಯತಿಗಳು

ಎಡೆಯೂರು ಜಾತ್ರೆ ನಮಗೆಲ್ಲ ಗೊತ್ತು. ಆದರೆ ಅಲ್ಲಿನ ಸಿದ್ಧಲಿಂಗೇಶ್ವರರು ನಮ್ಮ ಹಾಗೇ ಹುಟ್ಟಿ, ಓದಿ, ಬೆಳೆದ ಮನುಷ್ಯರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಸಲ ಅವರ ಜೀವನವನ್ನು ಬರೆದಿದ್ದೇನೆ.

ಅವರು ಹುಟ್ಟಿದ್ದು ಈಗಿನ ಚಾಮರಾಜನಗರ ಜಿಲ್ಲೆಯ ಹರದನಹಳ್ಳಿಯಲ್ಲಿ. ಅದು ವಿಜಯನಗರದ ಅರಸರ ಕಾಲ, 15-16ನೇ ಶತಮಾನ. ಚಿಕ್ಕಂದಿನಲ್ಲೇ ಗೋಸಲ ಚನ್ನಬಸವೇಶ್ವರರ ಶಿಷ್ಯರಾದರು. ಮುಂದೆ ಗುರುಗಳ ಪೀಠಕ್ಕೂ ಬಂದರು. ಬೇರೆಯವರಾಗಿದ್ದರೆ ಅಲ್ಲೇ ಸುಖವಾಗಿ ಇರ್ತಿದ್ರೇನೋ. ಇವರು 700 ಮಂದಿ ವಿರಕ್ತರ ಜೊತೆ ಊರೂರು ಸುತ್ತಿದರು.

ಯಾಕೆ ಸುತ್ತಿದರು? 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಚದುರಿಹೋಗಿದ್ದರು. ಅವರ ವಚನಗಳು ಓಲೆಗರಿಗಳಲ್ಲಿ ಅಲ್ಲಲ್ಲಿ ಉಳಿದಿದ್ದವು. ಗರಿಗೆ ಹುಳ ಬಿದ್ದರೆ ವಚನವೂ ಹೋದಂತೆ. ಅರ್ಥ ಹೇಳಿಕೊಡುವವರು ಇದ್ದರೆ ತಾನೇ ಅದು ಉಳಿಯೋದು? ಸಿದ್ಧಲಿಂಗರು ಆ ಕೆಲಸ ಮಾಡಿದರು. ತಾವೂ 701 ವಚನ ಬರೆದರು. ಆ ಪುಸ್ತಕದ ಹೆಸರು ಷಟ್‌ಸ್ಥಲ ಜ್ಞಾನಸಾರಾಮೃತ. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಗೂಳೂರು ಸಿದ್ಧವೀರಣ್ಣೊಡೆಯರು ಇವರ ಶಿಷ್ಯಪರಂಪರೆಯವರೇ.

ಸುತ್ತುತ್ತಾ ನಮ್ಮ ಕುಣಿಗಲ್ ಸೀಮೆಗೆ ಬಂದರು. ಕಗ್ಗೆರೆಯಲ್ಲಿ ನಾಗಿನಿ ಹೊಳೆ ಪಕ್ಕದ ತೋಟದಲ್ಲಿ ತಪಸ್ಸಿಗೆ ಕೂತರು. ಮೈಮೇಲೆ ಹುತ್ತ ಬೆಳೀತಂತೆ, ಹಸುವೊಂದು ದಿನಾ ಬಂದು ಅದರ ಮೇಲೆ ಹಾಲು ಸುರಿಸುತ್ತಿತ್ತಂತೆ. ಇದು ಜನ ಹೇಳೋ ಕಥೆ. ತೋಟದ ಸಿದ್ಧಲಿಂಗ ಅನ್ನೋ ಹೆಸರು ಬಂದದ್ದು ಮಾತ್ರ ಆ ತೋಟದಿಂದಲೇ. ದೂರದ ಗದಗಿನ ತೋಂಟದಾರ್ಯ ಮಠದ ಹೆಸರೂ ಅಲ್ಲಿಂದಲೇ ಬಂದಿದೆ!

ಕೊನೆಗೆ ಅವರು ಎಡೆಯೂರಿನಲ್ಲಿ ಸಮಾಧಿಯಾದರು. ಅಲ್ಲಿ ಕಲ್ಲಿನ ಗುಡಿ ಕಟ್ಟಿಸಿದವರು ದಾನಿವಾಸದ ಚನ್ನವೀರಪ್ಪ ಒಡೆಯರು. ಕಳೆದ ಜಾತ್ರೆಯಲ್ಲಿ ನಾನು ನಿಧಾನವಾಗಿ ನೋಡಿಕೊಂಡು ಬಂದೆ. ಮುಂದೆ ಎತ್ತರದ ಗೋಪುರ, ಒಳಗೆ ಕಲ್ಲುಕಂಬಗಳ ಮಂಟಪ, ಅದನ್ನು ದಾಟಿದರೆ ಗರ್ಭಗುಡಿ. ಬೇರೆ ಗುಡಿಗಳಲ್ಲಿ ದೇವರ ವಿಗ್ರಹ ಇರುವ ಜಾಗದಲ್ಲಿ ಇಲ್ಲಿರುವುದು ಗುರುಗಳ ಗದ್ದುಗೆ. ಇಷ್ಟು ದೊಡ್ಡ ಕಟ್ಟಡ ಎದ್ದದ್ದು ಮರದ ನೆರಳಲ್ಲಿ ಕೂತಿದ್ದ ಒಬ್ಬ ಯತಿಗೆ.

ಗೋಪುರ ನೋಡಿ, ದಾಸೋಹದಲ್ಲಿ ಉಂಡು ಬಂದುಬಿಡಬೇಡಿ. ಕಗ್ಗೆರೆ ಹತ್ತಿರದಲ್ಲೇ ಇದೆ, ಅಲ್ಲಿಗೂ ಹೋಗಿ ಬನ್ನಿ. ಅವರದೊಂದು ವಚನವನ್ನಾದರೂ ಬಾಯಿಪಾಠ ಮಾಡೋಣ. ಅವರು ಊರೂರು ಅಲೆದದ್ದು ಅದಕ್ಕೇ ಅಲ್ವಾ?