ಡಾ. ಫ. ಗು. ಹಳಕಟ್ಟಿಯವರ ವ್ಯವಹಾರಧರ್ಮ

ಕೀರ್ತಿಶೇಷ ಡಾ. ಫಕ್ಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ನಾಮಸ್ಮರಣೆ ಮಾಡಿದೊಡನೆ ಕನ್ನಡಿಗರ ಕಣ್ಣ ಮುಂದೆ ಬಂದು ನಿಲ್ಲುವುದು ತಾಳೆಯೋಲೆಯ ಕಟ್ಟುಗಳು. ಮಠಗಳ ಅಟ್ಟದಲ್ಲಿಯೂ ಮನೆಗಳ ದೇವರ ಜಗಲಿಯಲ್ಲಿಯೂ ಪೂಜೆಗೊಂಡು ಧೂಳು ತಿನ್ನುತ್ತಿದ್ದ ಶರಣರ ವಚನಗಳನ್ನು ಅಚ್ಚಿಗೆ ತಂದು ಲೋಕಕ್ಕೆ ಒಪ್ಪಿಸಿದ ಪುಣ್ಯ ಅವರದು. ವಚನಪಿತಾಮಹರೆಂಬ ಬಿರುದು ಅವರಿಗೆ ಅನ್ವರ್ಥವಾಗಿಯೇ ಸಂದಿದೆ. ಆದರೆ ವಿದ್ವಾಂಸರು ಸಂಪಾದಕ ಹಳಕಟ್ಟಿಯವರನ್ನು ಹೊಗಳುವ ಭರದಲ್ಲಿ ಇನ್ನೊಬ್ಬ ಹಳಕಟ್ಟಿಯವರನ್ನು ಮರೆತಿದ್ದಾರೆ. ಬ್ಯಾಂಕನ್ನು ಕಟ್ಟಿದವರು, ಸಂಘಗಳನ್ನು ಹುಟ್ಟುಹಾಕಿದವರು, ಮುದ್ರಣಾಲಯ ನಡೆಸಿದವರು, ಚಂದಾದಾರರಿಗೆ ಪತ್ರಿಕೆಯನ್ನು ಅಂಚೆಯಲ್ಲಿ ಕಳುಹಿಸುತ್ತ ಲೆಕ್ಕ ಬರೆದವರು ಆ ಹಳಕಟ್ಟಿಯವರು. ವಿಜಯಪುರ ಸೀಮೆಯ ರೈತನಿಗೂ ನೇಕಾರನಿಗೂ ಮೊದಲು ಪರಿಚಿತರಾದವರು ಇವರೇ.

ಅವರು ಜನಿಸಿದುದು ಧಾರವಾಡದಲ್ಲಿ, ೧೮೮೦ನೆಯ ಇಸವಿಯ ಜುಲೈ ೨ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಸ್ವತಃ ಲೇಖಕರು. ತಾಯಿ ದಾನಮ್ಮನವರು ಮಗ ತೀರ ಎಳೆಯವನಾಗಿದ್ದಾಗಲೇ ಲಿಂಗೈಕ್ಯರಾದುದರಿಂದ ಅಜ್ಜಿಯ ಆರೈಕೆಯಲ್ಲಿ ಬಾಲಕನು ಬೆಳೆಯಬೇಕಾಯಿತು. ಧಾರವಾಡದ ವಿದ್ಯಾಭ್ಯಾಸ ಮುಗಿದ ಮೇಲೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು. ಅಲ್ಲಿ ಆಲೂರು ವೆಂಕಟರಾಯರ ಸಹವಾಸ ದೊರೆಯಿತು. ಮರಾಠಿ, ಗುಜರಾತಿಗಳು ಮುದ್ರಣದಲ್ಲಿಯೂ ವ್ಯಾಪಾರದಲ್ಲಿಯೂ ಮುಂದೆ ಸಾಗಿದ್ದ ಆ ಮಹಾನಗರದಲ್ಲಿ ಕನ್ನಡಕ್ಕೆ ನೆಲೆಯಿಲ್ಲದುದನ್ನು ಆ ಇಬ್ಬರು ತರುಣರೂ ಕಂಡರು. ೧೯೦೪ರಲ್ಲಿ ಕಾನೂನು ಪದವಿ ಪಡೆದು ಹಳಕಟ್ಟಿಯವರು ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಬಹುಬೇಗ ವಿಜಯಪುರಕ್ಕೆ ಬಂದು ನೆಲಸಿದರು. ಆಗ ಊರಿನ ಹೆಸರು ಬಿಜಾಪುರ. ೨೦೧೪ರ ರಾಜ್ಯೋತ್ಸವದಂದು ಅದು ಅಧಿಕೃತವಾಗಿ ಹಳೆಯ ಹೆಸರಿಗೆ ಮರಳಿತು.

ಅವರು ಕಾಲಿಟ್ಟ ಕಾಲದ ಬಿಜಾಪುರ ಎಂತಹುದೆಂಬುದನ್ನು ತಿಳಿಯದೆ ಅವರ ಕಾರ್ಯದ ಬೆಲೆ ತಿಳಿಯದು. ೧೮೭೬ರಿಂದ ೧೮೭೮ರವರೆಗಿನ ಭೀಕರ ಕ್ಷಾಮ ಮನೆಮನೆಗಳನ್ನು ಬರಿದು ಮಾಡಿ ಹೋಗಿತ್ತು. ಶತಮಾನದ ತುದಿಯಲ್ಲಿ ಮತ್ತೊಂದು ಬರ ಬಂದು ಉಳಿದುದನ್ನೂ ಒರಸಿತು. ಡೋಣಿ ತುಂಬಿ ಹರಿದ ವರ್ಷ ಓಣಿ ಓಣಿಯಲ್ಲಿಯೂ ಜೋಳ. ಹರಿಯದ ವರ್ಷ ಸಾಹುಕಾರನ ಕಟ್ಟೆಯೇ ಗತಿ. ಹೊನವಾಡ, ತಿಕೋಟಾ, ಬಬಲೇಶ್ವರಗಳ ಕಡೆಯ ಎರೆಭೂಮಿಯ ರೈತನು ಬಿತ್ತನೆಯ ಕಾಲಕ್ಕೆ ಕಾಳನ್ನು ಸವಾಯಿಗೆ ತಂದರೆ ಸುಗ್ಗಿಯಲ್ಲಿ ಕಾಲುಪಾಲು ಕೂಡಿಸಿ, ದೀಡಿಗೆ ತಂದರೆ ಅರ್ಧಪಾಲು ಕೂಡಿಸಿ ಅಳೆಯಬೇಕಾಗಿತ್ತು. ಹತ್ತಿ ಬೆಳೆದವನು ಅದನ್ನು ಬಿಡಿಸುವುದಕ್ಕೂ ಮೊದಲೇ ಮಾರಿಕೊಂಡಿರುತ್ತಿದ್ದನು. ಪುಣೆ, ಅಹಮದನಗರಗಳ ರೈತರು ೧೮೭೫ರಲ್ಲಿ ದಂಗೆಯೆದ್ದು ಸಾಲದ ಪತ್ರಗಳನ್ನು ಸುಟ್ಟರು. ೧೮೭೯ರಲ್ಲಿ ಸರಕಾರ ದಖ್ಖನ್ ರೈತರ ಪರಿಹಾರಕ್ಕೆ ಕಾನೂನನ್ನೂ ತಂದಿತು. ಆದರೆ ಕಾನೂನು ಸಾಹುಕಾರನ ಕೈಯನ್ನು ಹಿಡಿದೀತೇ ಹೊರತು ಬಿತ್ತುವ ಬೀಜವನ್ನು ಕೊಡಲಾರದು. ನ್ಯಾಯಾಲಯದ ಕಟ್ಟೆಯ ಮೇಲೆ ನಿಂತ ತರುಣ ವಕೀಲನಿಗೆ ಇದು ಮನವರಿಕೆಯಾಗದೆ ಇರುವಂತಿರಲಿಲ್ಲ.

೧೯೦೪ರಲ್ಲಿಯೇ ಭಾರತ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯನ್ನು ಜಾರಿಗೆ ತಂದಿತ್ತು. ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿ ನಾಡಿಗೇ ಮಾರ್ಗದರ್ಶಕರಾದರು. ಈ ಪದ್ಧತಿಯ ಮೂಲ ಜರ್ಮನಿಯಲ್ಲಿದೆ. ಹಳ್ಳಿಯ ರೈತರಿಗಾಗಿ ರೈಫೈಸನ್ ಎಂಬಾತನೂ, ಪಟ್ಟಣದ ಕುಶಲಕರ್ಮಿಗಳಿಗಾಗಿ ಶುಲ್ಜೆ ಎಂಬಾತನೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದನ್ನು ರೂಪಿಸಿದರು. ಹಳ್ಳಿಯ ಸಂಘದಲ್ಲಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಪಟ್ಟಣದ ಸಂಘದಲ್ಲಿ ತಾನು ಕೊಂಡ ಷೇರಿನಷ್ಟಕ್ಕೆ ಮಾತ್ರ ಹೊಣೆ. ಹೆಸರು ವಿದೇಶೀಯವಾದರೂ ಕನ್ನಡದ ರೈತನಿಗೆ ಇದರ ತತ್ತ್ವ ಹೊಸದಲ್ಲ. ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಹೋಗಿ, ಮರುದಿನ ಅದನ್ನು ಮರಳಿ ಪಡೆಯುವ ಮುಯ್ಯಾಳಿನ ಪದ್ಧತಿ ನಮ್ಮಲ್ಲಿ ಯಾವಾಗಿನಿಂದಲೋ ನಡೆದು ಬಂದಿದೆ. ದುಡಿಮೆಯ ಮುಯ್ಯಿಯನ್ನು ರೊಕ್ಕದ ಮುಯ್ಯಿಯನ್ನಾಗಿ ಮಾಡಿ, ಅದಕ್ಕೆ ಒಂದು ಖಾತೆವಹಿಯನ್ನು ಇಟ್ಟುದೇ ಸಹಕಾರಿ ಸಂಘ.

೧೯೧೦ರಲ್ಲಿ ಹಳಕಟ್ಟಿಯವರ ಮುಂದಾಳುತನದಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆ ಹುಟ್ಟಿತು. ಅದು ಇಂದು ವಿಶ್ವವಿದ್ಯಾಲಯವನ್ನೂ ಒಳಗೊಂಡು ಹೆಮ್ಮರವಾಗಿ ಬೆಳೆದಿರುವುದನ್ನು ಈ ಜಿಲ್ಲೆಯವರಿಗೆ ಬಣ್ಣಿಸಬೇಕಾಗಿಲ್ಲ. ಎರಡು ವರ್ಷಗಳ ಅನಂತರ, ೧೯೧೨ರಲ್ಲಿ, ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪಿತವಾಯಿತು. ಅದೇ ವರ್ಷ ಬಂದ ಹೊಸ ಕಾಯ್ದೆಯಿಂದಾಗಿ ಸಾಲ ಕೊಡುವ ಸಂಘಗಳಷ್ಟೇ ಅಲ್ಲದೆ ಮಾರಾಟದ ಸಂಘ, ಉತ್ಪಾದಕರ ಸಂಘಗಳೂ ನೋಂದಣಿಗೆ ಅರ್ಹವಾದುವು. ಹಳಕಟ್ಟಿಯವರು ಈ ಅವಕಾಶವನ್ನು ಬಿಡಲಿಲ್ಲ. ಹತ್ತಿ ಮಾರಾಟಕ್ಕೆ ಒಂದು ಸಂಘ, ನೇಕಾರರಿಗೆ ಒಂದು, ಒಕ್ಕಲುತನಕ್ಕೆ ಒಂದು, ಬರನಿವಾರಣೆಗೆ ಒಂದು, ಹೀಗೆ ಅವರ ಪರಿಶ್ರಮ ಹಲವು ಟಿಸಿಲುಗಳಾಗಿ ಒಡೆಯಿತು. ವಿದ್ಯೆ ಮತ್ತು ಪತ್ತು, ಈ ಎರಡನ್ನೂ ಅವರು ಜೊತೆಜೊತೆಯಾಗಿ ಕೈಗೆತ್ತಿಕೊಂಡುದರಲ್ಲಿ ಗಹನವಾದ ವಿಚಾರವಿದೆ. ಸಾಲಗಾರನ ಮಗ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಸಾಹುಕಾರನ ದನ ಕಾಯಲು ಹೋಗುತ್ತಾನೆ.

ಆ ಕಾಲದ ಸಹಕಾರಿ ವ್ಯವಹಾರದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಪ್ರಸ್ತುತವಾಗಲಾರದು. ಸಾಲ ಬೇಡಿದವನ ಹೊಲದ ಉತಾರಕ್ಕಿಂತ ಮೊದಲು ಅವನ ನಡತೆ ವಿಚಾರಣೆಗೆ ಬರುತ್ತಿತ್ತು. ಸಾಲ ಏತಕ್ಕೆ, ಎತ್ತು ಕೊಳ್ಳುವುದಕ್ಕೋ ಮದುವೆಯ ಆಡಂಬರಕ್ಕೋ ಎಂಬುದನ್ನು ಕೇಳುತ್ತಿದ್ದರು. ಅವನನ್ನು ಬಲ್ಲ ಸದಸ್ಯರು ಜಾಮೀನಿಗೆ ಸಹಿ ಮಾಡಬೇಕು. ಮರುಪಾವತಿಯ ಕಂತು ಸುಗ್ಗಿಗೆ ಹೊಂದಿಕೊಂಡಿರಬೇಕು. ಠೇವಣಿ ಇಟ್ಟವರೂ ಸಾಲ ಪಡೆದವರೂ ಒಂದೇ ಪೇಟೆಯ, ಒಂದೇ ಓಣಿಯ ಜನ. ಬಂದ ಲಾಭದಲ್ಲಿ ಒಂದು ಪಾಲು ಕಾಯ್ದಿಟ್ಟ ನಿಧಿಗೆ ಹೋಗಿ, ಬರದ ವರ್ಷಕ್ಕೆ ಒದಗುತ್ತಿತ್ತು. ಸಭೆಯಲ್ಲಿ ದೊಡ್ಡ ಷೇರುದಾರನಿಗೂ ಸಣ್ಣ ಷೇರುದಾರನಿಗೂ ಒಂದೊಂದೇ ಮತವೆಂಬುದು ಸಹಕಾರದ ಮೂಲ ನಿಯಮ. ಗೌಡನೂ ಗಾಣಿಗನೂ ಒಂದೇ ಜಮಖಾನೆಯ ಮೇಲೆ ಕುಳಿತು ಲೆಕ್ಕ ಕೇಳುವ ನೋಟ ಆ ದಿನಗಳಲ್ಲಿ ಸಾಮಾನ್ಯವಾದುದಲ್ಲ.

ಈ ಕ್ರಮ ನಿರ್ದುಷ್ಟವಾಗಿತ್ತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಜಾಮೀನು ನಿಂತ ಕಾರಣದಿಂದ ಬೀಗರು ವೈರಿಗಳಾದುದುಂಟು. ಮಳೆ ಕೈಕೊಟ್ಟ ವರ್ಷ ಸಾಲಗಾರ ಊರು ಬಿಟ್ಟು ಗುಳೆ ಹೋದರೆ ಪ್ರಾಮಾಣಿಕನಾದ ಜಾಮೀನುದಾರನ ಎತ್ತುಗಳು ಹರಾಜಾದುದೂ ಉಂಟು. ಊರ ಪ್ರಮುಖರ ಕೈಗೆ ಸಂಘ ಸಿಕ್ಕಿ, ಅವರ ಬಂಟರಿಗಷ್ಟೇ ಸಾಲ ದೊರೆತ ಹಳ್ಳಿಗಳಿಗೂ ಕೊರತೆಯಿಲ್ಲ. ಪರಸ್ಪರ ಪರಿಚಯವೆಂಬುದು ಎರಡಲಗಿನ ಕತ್ತಿ. ಆದುದರಿಂದಲೇ ೧೯೬೬ರಲ್ಲಿ ಸಹಕಾರಿ ಬ್ಯಾಂಕುಗಳನ್ನೂ ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಗೆ ಒಳಪಡಿಸಿದುದು ಉಚಿತವೇ ಆಯಿತು.

ಆದರೂ ಇಂದಿನ ಸ್ಥಿತಿಯನ್ನು ನೋಡಿದಾಗ ಹಳೆಯದರ ಬೆಲೆ ಗೋಚರಿಸುತ್ತದೆ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಾಲ ಕೊಡುವ ಸಂಸ್ಥೆಗಳು ಬಂದಿವೆ. ಸಾಲ ಕೊಡುವಾಗ ಅವು ನೆರೆಯವರನ್ನು ಕೇಳುವುದಿಲ್ಲ. ಕಂತು ತಪ್ಪಿದ ಮೇಲೆ, ಅವುಗಳಲ್ಲಿ ಕೆಲವು, ಸಾಲಗಾರನ ಮೊಬೈಲಿನಲ್ಲಿರುವ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಅವನ ಮಾನ ಕಳೆಯುತ್ತವೆ. ಹಳಕಟ್ಟಿಯವರ ಕಾಲದಲ್ಲಿ ನೆರೆಯವನ ಮಾತು ಸಾಲಕ್ಕೆ ಮುಂಚೆ ಕೇಳಿಬರುತ್ತಿತ್ತು. ಅದು ಸಾಲಗಾರನನ್ನು ಕಾಯುವ ಮಾತೂ ಆಗಿರುತ್ತಿತ್ತು. ೧೯೯೨ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಸಂಘಗಳ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ವಾರವಾರ ಕೂಡಿ, ಉಳಿತಾಯ ಮಾಡಿ, ಪರಸ್ಪರರ ಹೊಣೆಯ ಮೇಲೆ ಸಾಲ ಪಡೆಯುವ ಪದ್ಧತಿ ಬೇರೂರಿತು. ಹಳೆಯ ಪತ್ತಿನ ಸಂಘದ ಜೀವವೇ ಅಲ್ಲಿ ಮರಳಿ ಮೂಡಿದೆ. ಪುರುಷರು ಕೆಡಿಸಿದುದನ್ನು ಸ್ತ್ರೀಯರು ಉಳಿಸಿಕೊಂಡರೆಂದರೂ ತಪ್ಪಾಗದು. ಹತ್ತಿ ಮಾರಾಟದ ಸಂಘದ ಮಾತೂ ಹಾಗೆಯೇ. ತಿಕೋಟಾ ಸೀಮೆಯ ರೈತ ಇಂದು ದ್ರಾಕ್ಷಿ ಬೆಳೆದು, ಒಣಗಿಸಿ, ಮಹಾರಾಷ್ಟ್ರದ ತಾಸಗಾಂವ, ಸಾಂಗಲಿಗಳ ಪೇಟೆಗೆ ಒಯ್ಯುತ್ತಾನೆ. ಬೆಲೆ ಬಿದ್ದ ವರ್ಷ ಒಂಟಿಯಾಗಿ ನಿಂತವನಿಗೆ ಅಡತಿ ಅಂಗಡಿಯವನು ಹೇಳಿದುದೇ ಬೆಲೆ. ಹತ್ತು ಮಂದಿ ಕೂಡಿ ಮಾಲನ್ನು ಶೀತಲಗೃಹದಲ್ಲಿ ತಡೆದಿಟ್ಟು, ಒಟ್ಟಾಗಿ ಮಾರಿದರೆ ಮಾತು ಬೇರೆ. ೨೦೦೨ರ ಕಾನೂನು ತಿದ್ದುಪಡಿಯ ತರುವಾಯ ರೈತ ಉತ್ಪಾದಕರ ಕಂಪನಿಗಳೆಂಬ ಹೆಸರಿನಲ್ಲಿ ಈ ಪ್ರಯೋಗ ಮರಳಿ ನಡೆಯುತ್ತಿದೆ. ಹೆಸರು ಹೊಸತು, ಹಾದಿ ಹಳಕಟ್ಟಿಯವರ ತಲೆಮಾರಿನವರು ತುಳಿದುದೇ.

ನಗರಸಭೆಯಲ್ಲಿದ್ದುಕೊಂಡು ಭೂತನಾಳ ಕೆರೆಯ ನೀರು ಊರಿಗೆ ಬರುವಂತೆ ಶ್ರಮಿಸಿದುದು, ಸರಕಾರಿ ವಕೀಲರಾದುದು, ೧೯೨೦ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಆಯ್ಕೆಯಾದುದು, ಇವೆಲ್ಲ ಅವರ ಚರಿತ್ರೆಯಲ್ಲಿ ಬಂದುಹೋಗುವ ಪ್ರಸಂಗಗಳು. ವಿವರಿಸಬೇಕಾದುದು ಮುದ್ರಣದ ಕಥೆ.

ಬನಹಟ್ಟಿಯ ಮನೆಯೊಂದರಲ್ಲಿ ತಾರುಣ್ಯದಲ್ಲಿ ಕಂಡ ಹಸ್ತಪ್ರತಿಗಳು ಅವರನ್ನು ಬಿಡದೆ ಕಾಡಿದ್ದುವು. ವಕೀಲಿಯ ನಡುವೆಯೇ ಊರೂರು ತಿರುಗಿ, ಕಟ್ಟುಗಳನ್ನು ಕೂಡಿಹಾಕಿ, ನಕಲು ಮಾಡಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಸಿದ್ಧಗೊಳಿಸಿದರು. ಮಂಗಳೂರಿನ ಹೆಸರಾಂತ ಮುದ್ರಣಾಲಯವೊಂದು ಹಸ್ತಪ್ರತಿಯನ್ನು ಹಿಂದಿರುಗಿಸಿತು. ಕೊನೆಗೆ ೧೯೨೩ರಲ್ಲಿ ಬೆಳಗಾವಿಯಲ್ಲಿ ಅದು ಅಚ್ಚಾಯಿತು. ಪರರ ಅಚ್ಚುಕೂಟವನ್ನು ನೆಚ್ಚಿದರೆ ಆಯುಷ್ಯ ಸಾಲದೆಂಬುದು ಅವರಿಗೆ ಖಚಿತವಾಯಿತು. ೧೯೨೫ರಲ್ಲಿ ತಾವಿದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆ, ಮರುವರ್ಷ ನವಕರ್ನಾಟಕ ವಾರಪತ್ರಿಕೆ ಹೊರಬಂದುವು. ೧೯೨೬ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷ ಪದವಿಯೂ ಬಂದಿತು. ಮನೆ ಮಾರಿದ ಮರುವರ್ಷವೇ ಮೆರವಣಿಗೆ!

ಮನೆಯನ್ನು ಮಾರಿದುದು ತ್ಯಾಗವೆಂದು ನಾಡು ಹೊಗಳಿದೆ. ಅದು ತ್ಯಾಗವೇ ಸರಿ. ಆದರೆ ಆ ತ್ಯಾಗದ ಭಾರವನ್ನು ಹೊತ್ತವರಲ್ಲಿ ಧರ್ಮಪತ್ನಿ ಭಾಗೀರಥಿಯವರೂ ಮಕ್ಕಳೂ ಇದ್ದರೆಂಬುದನ್ನು ಅಭಿನಂದನ ಗ್ರಂಥಗಳು ಎರಡೇ ಸಾಲಿನಲ್ಲಿ ಮುಗಿಸುತ್ತವೆ. ಊರಿಗೆಲ್ಲ ಪತ್ತಿನ ದಾರಿ ತೋರಿಸಿದ ವ್ಯಕ್ತಿ ತನ್ನ ಮನೆಯ ಲೆಕ್ಕದಲ್ಲಿ ಸದಾ ಖರ್ಚಿನ ಪುಟವನ್ನೇ ಬರೆಯುತ್ತ ಹೋದುದು ವಿಪರ್ಯಾಸ. ಸಾರ್ವಜನಿಕ ಹಣಕ್ಕೆ ಅವರು ವಿಧಿಸಿದ ಎಚ್ಚರಿಕೆಯಲ್ಲಿ ಕಾಲುಭಾಗವನ್ನು ಸ್ವಂತ ಹಣಕ್ಕೆ ವಿಧಿಸಿಕೊಂಡಿದ್ದರೆ ಮನೆ ಉಳಿಯುತ್ತಿತ್ತು, ವಚನಗಳು ಉಳಿಯುತ್ತಿದ್ದುವೋ ಇಲ್ಲವೋ.

ಹಿತಚಿಂತಕದಲ್ಲಿ ಸಂಪಾದಕ, ಪ್ರಕಾಶಕ, ವ್ಯವಸ್ಥಾಪಕ ಎಲ್ಲವೂ ಬಹುಮಟ್ಟಿಗೆ ಅವರೇ. ಶಿವಾನುಭವದಲ್ಲಿ ಕಂತುಕಂತಾಗಿ ಪ್ರಕಟವಾದ ಸಾಹಿತ್ಯ ಅನಂತರ ಗ್ರಂಥರೂಪಕ್ಕೆ ಬರುತ್ತಿತ್ತು. ಚಂದಾ ಹಣವನ್ನು ಮುಂಗಡವಾಗಿ ಪಡೆಯುವ ಈ ಕ್ರಮದಲ್ಲಿ ಓದುಗನು ಗ್ರಂಥದ ಗಿರಾಕಿಯಷ್ಟೇ ಅಲ್ಲ, ಅದರ ಬಂಡವಾಳದ ಪಾಲುದಾರನೂ ಹೌದು. ನಾಡಿನ ದೂರದೂರದ ಹಳ್ಳಿಗಳಲ್ಲಿ ಕುಳಿತ ಮಠಾಧಿಪತಿ, ಕನ್ನಡ ಶಾಲೆಯ ಮಾಸ್ತರ, ಕಿರಾಣಿ ಅಂಗಡಿಯ ಶರಣ, ಇವರೆಲ್ಲ ಕೂಡಿ ಒಂದು ಸಾಹಿತ್ಯವನ್ನು ಎತ್ತಿ ನಿಲ್ಲಿಸಿದರು. ಇಂದು ಪ್ರಕಾಶಕರು ಪ್ರಕಟಣಪೂರ್ವ ರಿಯಾಯಿತಿಯ ಬೆಲೆಯಲ್ಲಿ ಪುಸ್ತಕವನ್ನು ಕಾಯ್ದಿರಿಸಿಕೊಳ್ಳುವುದು ಇದೇ ಮಾರ್ಗದ ಕಿರುದಾರಿ. ಚಂದಾ ಬಾಕಿಯಿದ್ದರೂ ಪತ್ರಿಕೆ ನಿಲ್ಲದೆ ಮೂರು ದಶಕಗಳಿಗೂ ಮಿಗಿಲಾಗಿ ನಡೆದುದು ಮಾತ್ರ ಯಾವ ವ್ಯಾಪಾರಶಾಸ್ತ್ರಕ್ಕೂ ಸಿಕ್ಕದ ಸಂಗತಿ.

ಅವರ ಸಂಪಾದನೆಯಲ್ಲಿ ಪಾಠಾಂತರಗಳ ಕೂಲಂಕಷ ಪರಿಶೀಲನೆ ಸಾಲದೆಂದು ತರುವಾಯದ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆಕ್ಷೇಪ ಯುಕ್ತವೇ. ಶಾಸ್ತ್ರೀಯ ಪರಿಷ್ಕರಣಗಳನ್ನು ಮುಂದಿನವರು ಸಿದ್ಧಪಡಿಸಿದರು. ಆದರೆ ಗೆದ್ದಲು ಪಾಠಾಂತರಗಳನ್ನು ಎಣಿಸುತ್ತ ಕುಳಿತಿರಲಿಲ್ಲ. ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದ ನಾಡಿಗೆ ಇನ್ನೂರೈವತ್ತರಷ್ಟು ಹೆಸರುಗಳು ಅವರ ಶ್ರಮದಿಂದ ದೊರೆತುವು. ಅವರಲ್ಲಿ ಎಷ್ಟು ಜನ ಕಾಯಕದವರು! ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯ, ಬಿದಿರಿನ ಬುಟ್ಟಿ ಹೆಣೆದ ಮೇದರ ಕೇತಯ್ಯ, ಅಂದಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಗಂಡನು ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಕಳುಹಿದ ಆಯ್ದಕ್ಕಿ ಲಕ್ಕಮ್ಮ. ಬ್ಯಾಂಕಿನ ಖಾತೆವಹಿಯನ್ನೂ ಈ ಶರಣರ ವಚನಗಳ ಕರಡಚ್ಚನ್ನೂ ಒಂದೇ ದಿನ, ಒಂದೇ ಕೈ ತಿದ್ದುತ್ತಿದ್ದ ಜೀವನ ಹಳಕಟ್ಟಿಯವರದು. ಒಂದು ಇನ್ನೊಂದಕ್ಕೆ ಭಾಷ್ಯವಾಗಿರಲಿಲ್ಲವೆಂದು ಹೇಳುವುದು ಕಷ್ಟ.

ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಾಗ ಗೋಳಗುಮ್ಮಟಕ್ಕಿಂತ ಮೊದಲು ಹಳಕಟ್ಟಿಯವರನ್ನು ಕಾಣಬೇಕೆಂದು ಬಯಸಿದರೆಂಬ ಪ್ರತೀತಿ ಈ ಸೀಮೆಯಲ್ಲಿ ಮನೆಮಾತಾಗಿದೆ. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ತನ್ನನ್ನು ಗೌರವಿಸಿಕೊಂಡಿತು. ಅದೇ ವರ್ಷ ಅವರು ಬಹುಕಾಲ ಬಯಸಿದ ಕರ್ನಾಟಕದ ಏಕೀಕರಣವೂ ಕೈಗೂಡಿತು. ೧೯೬೪ರ ಜೂನ್ ೨೯ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನ ಉಳಿದಿರುವಾಗ, ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಜುಲೈ ೨ನ್ನು ಕರ್ನಾಟಕ ಸರಕಾರ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತ ಬಂದಿದೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೂ ತಾಂತ್ರಿಕ ಮಹಾವಿದ್ಯಾಲಯವೂ ಇವೆ. ನೆರೆಯವನ ಜಾಮೀನಿನ ಮೇಲೆ ಕಟ್ಟಿದ ಸಿದ್ಧೇಶ್ವರ ಬ್ಯಾಂಕು ೨೦೧೨ರಲ್ಲಿ ನೂರು ವರ್ಷಗಳನ್ನು ಪೂರೈಸಿತು.